ಮರಳಿ ಹೇಳದ ಅಪ್ಪಣೆ

ಯಾರೇ ಆಗಲಿ ಏನಾದರೂ ಹೇಳಿದರೆ, ಆ ಮಾತನ್ನು ಒಮ್ಮೆ ತನ್ನ ಬಾಯಿಂದ ಮರಳಿ ಹೇಳದೆ ಆತ ಇದ್ದ ಜಾಗದಿಂದ ಕದಲುತ್ತಿರಲಿಲ್ಲ. ‘ನೀರು ಕಾದಿದೆ, ಸ್ನಾನಕ್ಕೆ ಹೋಗು’ ಎಂದು ತಾಯಿ ಅಡುಗೆಮನೆಯಿಂದ ಕೂಗಿದರೆ, ‘ನೀರು ಕಾದಿದೆ, ಸ್ನಾನಕ್ಕೆ ಹೋಗ್ತಿದ್ದೀನಿ’ ಎಂಬ ಉತ್ತರ ಹಜಾರದಿಂದ ಸ್ಪಷ್ಟವಾಗಿ, ಒಂದಕ್ಷರವೂ ನುಂಗಿಹೋಗದಂತೆ ಬರುತ್ತಿತ್ತು. ಕುರ್ಚಿ ಹಿಂದಕ್ಕೆ ಸರಿದ ಸದ್ದು ಆಮೇಲೆ. ಕ್ಷೌರದವನು ‘ತಲೆ ಸ್ವಲ್ಪ ಬಗ್ಗಿಸಿ’ ಎಂದಾಗ ‘ತಲೆ ಬಗ್ಗಿಸ್ತಿದ್ದೀನಿ’ ಎಂದು ಅಷ್ಟೇ ಗಂಭೀರವಾಗಿ ನುಡಿದು ಬಗ್ಗಿಸಿದ್ದಕ್ಕೆ, ಕತ್ತರಿ ಹಿಡಿದವನಿಗೆ ನಗು ತಡೆಯಲಾಗದೆ ಎಡಗಿವಿಯ ಮೇಲೆ ಗೀರು ಬಿದ್ದದ್ದೂ ಉಂಟು. ಹೊಸಬರಿಗೆ ಮೊದಲು ಈತ ತಮ್ಮನ್ನು ಅಣಕಿಸುತ್ತಿದ್ದಾನೆ ಎನ್ನಿಸುತ್ತಿತ್ತು. ಆಮೇಲೆ ಕಿವಿ ಮಂದವೇನೋ ಎಂಬ ಅನುಮಾನ. ಕೊನೆಗೆ ಆ ಮುಖವನ್ನು ನೋಡಿ ಎರಡೂ ಅಲ್ಲವೆಂದು ತಿಳಿದು, ಇನ್ನೇನೂ ತೋಚದೆ ಸುಮ್ಮನಾಗುತ್ತಿದ್ದರು.

ಆತ ನೌಕಾಪಡೆಯ ಕಿರಿಯ ಅಧಿಕಾರಿ. ಯುದ್ಧಕಾಲದಲ್ಲಿ ಸರಕು ಹಡಗುಗಳ ಸಾಲಿಗೆ ಬೆಂಗಾವಲಾಗಿ ಸಾಗುತ್ತಿದ್ದ ಒಂದು ಸಣ್ಣ ಯುದ್ಧನೌಕೆಯಲ್ಲಿ, ಕ್ಯಾಪ್ಟನ್ನರ ಮಗ್ಗುಲಲ್ಲಿ ನಿಂತು, ಅವರು ಕೊಟ್ಟ ಅಪ್ಪಣೆಯನ್ನು ಗಟ್ಟಿಯಾಗಿ ಮರಳಿ ಹೇಳಿ, ಆಮೇಲೆ ಹಿತ್ತಾಳೆಯ ಮಾತುಗೊಳವೆಯ ಮೂಲಕ ಕೆಳಗಿನ ಎಂಜಿನ್ ಕೋಣೆಗೆ ಮುಟ್ಟಿಸುವುದು ಆತನ ಪಾಳಿಯ ಕೆಲಸ. ಗಾಳಿ, ಅಲೆ, ಯಂತ್ರಗಳ ಗದ್ದಲದ ನಡುವೆ ಹೇಳಿದ ಮಾತು ಹೇಳಿದಂತೆಯೇ ತಲುಪಿತೆಂದು ತಿಳಿಯಬೇಕಾದರೆ ಕೇಳಿದವನು ಅದನ್ನು ಮರಳಿ ಹೇಳಬೇಕು. ಮರಳಿ ಹೇಳದ ಅಪ್ಪಣೆ ಅಪ್ಪಣೆಯೇ ಅಲ್ಲ ಎಂಬುದು ಅಲ್ಲಿನ ಕಟ್ಟಳೆ. ಎಲ್ಲ ನಾವಿಕರೂ ಆ ಕಟ್ಟಳೆಯನ್ನು ಹಡಗಿನಲ್ಲೇ ಬಿಟ್ಟು ದಡಕ್ಕಿಳಿಯುತ್ತಾರೆ. ಈತ ಮಾತ್ರ ಅದನ್ನು ಮನೆಯವರೆಗೂ ಹೊತ್ತು ತಂದ.

ಮನೆಯಲ್ಲಿ ಇದನ್ನು ಸರಿಯಾಗಿ ಅರ್ಥಮಾಡಿಕೊಂಡವಳು ಅಕ್ಕ ಒಬ್ಬಳೇ. ಅದಕ್ಕೆ ಕಾರಣವೂ ಇತ್ತು. ಆಕೆ ದೂರವಾಣಿ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಕಿವಿಗೆ ಫೋನು ಕಟ್ಟಿಕೊಂಡು, ಎತ್ತರದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಯಾರೋ ಕೇಳಿದ ಸಂಖ್ಯೆಯನ್ನು ಮರಳಿ ಹೇಳಿ, ಹೌದೆನ್ನಿಸಿಕೊಂಡು, ಆಮೇಲೆ ತಂತಿಯ ತುದಿಯನ್ನು ಹಲಗೆಯ ತೂತಿಗೆ ಚುಚ್ಚುವುದು ಅವಳ ದಿನದ ದುಡಿಮೆ. ಅಕ್ಕತಮ್ಮಂದಿರಿಬ್ಬರೂ ರಜೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತರೆ ತಾಯಿಗೆ ತಲೆ ಚಿಟ್ಟುಹಿಡಿಯುತ್ತಿತ್ತು. ‘ಮನೇಲಿ ಎರಡೆರಡು ಗಿಳಿ ಸಾಕಿದ್ದೀನಿ. ಒಂದಾದರೂ ಹಾರಿಹೋಗಬಾರದಾ’ ಎಂದು ಆಕೆ ಸಾರಿನ ಸೌಟನ್ನು ಪಾತ್ರೆಗೆ ಬಡಿಯುತ್ತಿದ್ದಳು. ಆ ಮಾತನ್ನು ಮುಂದೆ ನೆನೆದು ನೆನೆದು ಆಕೆ ಅತ್ತದ್ದಕ್ಕೆ ಲೆಕ್ಕವಿಲ್ಲ.

ಒಮ್ಮೆ ಅಕ್ಕ ಕೇಳಿದಳು: ‘ಅಲ್ಲವೋ, ನನಗಾದರೆ ತಂತಿಯ ಆ ಕಡೆ ಇರೋರ ಮುಖ ಕಾಣಲ್ಲ. ನಿನಗೆ ಅಮ್ಮ ಎದುರಿಗೇ ಇರ್ತಾಳಲ್ಲ, ಮನೇಲಿ ಯಾಕೆ?’ ಆತ ಬಹಳ ಹೊತ್ತು ಬೂಟಿನ ದಾರ ಬಿಗಿಯುತ್ತಲೇ ಇದ್ದ. ಆಮೇಲೆ ಹೇಳಿದ್ದು ಇಷ್ಟು: ‘ಮರಳಿ ಹೇಳೋವರೆಗೂ ಅದು ಹೇಳಿದವರ ಮಾತು ಅಕ್ಕಾ. ಹೇಳಿದ ಮೇಲೆ ನಂದೂ ಹೌದು. ಆಮೇಲೆ ಏನಾದರೂ ಆದರೆ ಅವರೊಬ್ಬರೇ ಸಿಕ್ಕಿಹಾಕ್ಕೊಳಲ್ಲ.’ ಮೂರು ವಾಕ್ಯ ಒಟ್ಟಿಗೆ ಆಡಿದ್ದಕ್ಕೆ ಅವನಿಗೇ ಸಂಕೋಚವಾಗಿರಬೇಕು, ಎದ್ದು ಅಂಗಳಕ್ಕೆ ನಡೆದ.

ನಡಿಗೆಯೂ ಒಂದು ವಿಚಿತ್ರ. ಓಣಿಯಲ್ಲಿ ಹೋಗುವಾಗ, ಆಸ್ಪತ್ರೆಯ ಪಡಸಾಲೆಯಲ್ಲಿ, ತನ್ನದೇ ಮನೆಯ ಹಜಾರದಲ್ಲಿ ಕೂಡ, ಆತನ ಎಡಗೈಯ ಬೆರಳ ತುದಿಗಳು ಗೋಡೆಯನ್ನು ಸವರುತ್ತಲೇ ಸಾಗುತ್ತಿದ್ದವು. ನೆಲ ಯಾವ ಕ್ಷಣದಲ್ಲಾದರೂ ವಾಲೀತು ಎಂಬ ಎಚ್ಚರ ಆ ಬೆರಳುಗಳಲ್ಲಿ ನೆಲೆಸಿಬಿಟ್ಟಿತ್ತು. ಸುಣ್ಣದ ಗೋಡೆಯುದ್ದಕ್ಕೂ ಅವನ ಸೊಂಟದೆತ್ತರದಲ್ಲಿ ಒಂದು ಮಸುಕು ಗೆರೆ ಮೂಡಿತ್ತು. ಇನ್ನು ಕೋಟು. ತರಬೇತಿಯ ಶಾಲೆಯಲ್ಲಿ ‘ಹುಡುಗ ಇನ್ನೂ ಬೆಳೀತಾನೆ’ ಎಂದು ದರ್ಜಿ ಒಂದು ಅಳತೆ ದೊಡ್ಡದಾಗಿಯೇ ಹೊಲಿದುಕೊಟ್ಟ ಆ ಕಡುನೀಲಿ ಕೋಟಿನೊಳಗೆ ಹುಡುಗ ಬೆಳೆಯಲೇ ಇಲ್ಲ. ತೋಳುಗಳು ಬೆರಳ ಗೆಣ್ಣಿನವರೆಗೂ ಇಳಿಯುತ್ತಿದ್ದವು. ಕತ್ತರಿಸಿ ಹೊಲಿದುಕೊಡುತ್ತೇನೆಂದು ಅಕ್ಕ ಪ್ರತಿ ರಜೆಯಲ್ಲೂ ಸೂಜಿದಾರ ಹಿಡಿದು ಬಂದರೆ, ಸರ್ಕಾರದ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ ಎಂದು ಹಟ ಹಿಡಿದು, ತೋಳನ್ನು ಒಳಕ್ಕೆ ಮಡಿಚಿಕೊಂಡೇ ಓಡಾಡುತ್ತಿದ್ದ.

ಆ ಕೋಟಿನಲ್ಲೇ ತೆಗೆಸಿದ ಒಂದು ಭಾವಚಿತ್ರವಿದೆ. ಸ್ಟುಡಿಯೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ‘ಸ್ವಲ್ಪ ನಗಿ ಸಾರ್’ ಎಂದನಂತೆ. ಆತ ಎಂದಿನಂತೆ ‘ನಗ್ತಿದ್ದೀನಿ’ ಎನ್ನತೊಡಗಿದ. ನಗುವುದಕ್ಕೆ ಮುನ್ನ, ಮಾತು ಇನ್ನೂ ಅರ್ಧದಲ್ಲಿರುವಾಗಲೇ, ಚಿತ್ರ ಬಿದ್ದುಹೋಯಿತು. ಬಾಯಿ ತುಸುವೇ ತೆರೆದು, ಹುಬ್ಬುಗಳೆರಡೂ ಕರ್ತವ್ಯಕ್ಕೆ ಸಿದ್ಧವಾಗಿ ನಿಂತ ಆ ಮುಖವನ್ನು ಕಂಡು ಮನೆಮಂದಿ ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಬೇರೊಂದು ಚಿತ್ರ ತೆಗೆಸೋಣವೆಂದರೆ ಆತ ಒಪ್ಪಲಿಲ್ಲ, ಒಪ್ಪಿದ್ದರೂ ಅದು ಹೀಗೆಯೇ ಬರುತ್ತಿತ್ತು.

ನಗುವವರು ನಕ್ಕರು, ಆದರೆ ಈ ಅಭ್ಯಾಸದಿಂದ ಆತನ ಬಗ್ಗೆ ಒಂದು ಹಗುರ ಅಭಿಪ್ರಾಯವೂ ಬೆಳೆದಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ‘ಈ ಹುಡುಗನಿಗೆ ಸ್ವಂತದ್ದು ಅಂತ ಒಂದು ಮಾತಿಲ್ಲ, ಬೆನ್ನುಮೂಳೆಯೂ ಇಲ್ಲ’ ಎಂದು ಸೋದರಮಾವ, ಮದುವೆ ಮನೆಯಿರಲಿ ಸಾವಿನ ಮನೆಯಿರಲಿ, ನಾಲ್ಕು ಜನ ಸೇರಿದಲ್ಲಿ ತೀರ್ಪು ಕೊಡುತ್ತಿದ್ದ. ನೌಕಾಪಡೆಗೆ ಸೇರಿದ್ದೂ ಅಲ್ಲಿನ ಗುಮಾಸ್ತ ‘ಇಲ್ಲಿ ಸಹಿ ಹಾಕು’ ಎಂದದ್ದಕ್ಕೇ ಹೊರತು ದೇಶಪ್ರೇಮದಿಂದಲ್ಲ ಎಂಬುದು ಅವನ ನೆಚ್ಚಿನ ತಮಾಷೆ. ಪಕ್ಕದ ಮನೆಯ ಶಾಲಾ ಉಪಾಧ್ಯಾಯಿನಿಗೆ ಈತನ ಮೇಲೆ ಒಂದಿಷ್ಟು ಒಲವಿತ್ತು. ಆಕೆ ಒಂದು ಸಂಜೆ ಬೇಸತ್ತು, ‘ನೀವಾಗಿ ಒಂದೇ ಒಂದು ಮಾತು ಆಡಿ ನೋಡೋಣ’ ಎಂದು ಕೇಳಿದಳು. ಆತ ಆಕಾಶವನ್ನೆಲ್ಲ ಒಮ್ಮೆ ಸಾವಧಾನವಾಗಿ ನೋಡಿ, ‘ನಾಳೆ ಮಳೆ ಬರಬಹುದು’ ಎಂದ. ಬರಲಿಲ್ಲ. ಆಕೆ ಮರುವರ್ಷ ಒಬ್ಬ ವಕೀಲನನ್ನು ಮದುವೆಯಾದಳು, ಅಲ್ಲಿ ಅವಳಿಗೆ ಮಾತಿನ ಬರ ಬಂದಿರಲಾರದು.

ಅಕ್ಕನಿಗೆ ಮಾವನ ತೀರ್ಪು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಅಷ್ಟೇ ಸತ್ಯವಾದ ಇನ್ನೊಂದು ಸಂಗತಿ, ಮನಸ್ಸಿನ ಒಂದು ಮೂಲೆಯಲ್ಲಿ ಅವಳಿಗೂ ಅದೇ ಅಳುಕು. ಹೇಳಿದ್ದನ್ನು ಮಾಡುವವನು, ಮಾಡಬಾರದ್ದನ್ನು ಹೇಳಿದರೆ ಏನು ಮಾಡಿಯಾನು? ಈ ಪ್ರಶ್ನೆಯನ್ನು ಅವಳು ತಮ್ಮನಿಗೆ ಕೇಳಲಿಲ್ಲ. ಯುದ್ಧ ಬಂತು, ರಜೆಗಳು ಕಡಿಮೆಯಾದವು, ಕೊನೆಯ ರಜೆಯಲ್ಲಿ ಅವನು ಎಚ್ಚರವಿದ್ದದ್ದಕ್ಕಿಂತ ಮಲಗಿದ್ದದ್ದೇ ಹೆಚ್ಚು. ಹೊರಡುವಾಗ ತಾಯಿ ಬಾಗಿಲಲ್ಲಿ ನಿಂತು ‘ಹುಷಾರಾಗಿ ಹೋಗಿ ಬಾ’ ಎಂದಳು, ಆತ ‘ಹುಷಾರಾಗಿ ಹೋಗಿ ಬರ್ತೀನಿ’ ಎಂದ. ಎಲ್ಲರ ಮನೆಯ ಮಕ್ಕಳೂ ಹೇಳುವುದು ಇದನ್ನೇ ಆದರೂ ತಾಯಿ ಮಾತ್ರ ಅದನ್ನು ಹಿಡಿದುಕೊಂಡು ಕೂತಳು. ತನ್ನ ಮಗ ಬಾಯಿಬಿಟ್ಟು ಮರಳಿ ಹೇಳಿ ಮಾಡದೆ ಬಿಟ್ಟದ್ದು ಈವರೆಗೆ ಒಂದೂ ಇಲ್ಲವೆಂಬ ಭರವಸೆ ಅವಳದು.

ಹಡಗು ಮುಳುಗಿದ ಸುದ್ದಿ ಮೊದಲು ತಲುಪಿತು, ಮುಳುಗಿದ್ದು ಹೇಗೆಂಬ ಸುದ್ದಿ ಬಹಳ ತಡವಾಗಿ. ಸಾಲಿನಲ್ಲಿದ್ದ ಒಂದು ಸರಕು ಹಡಗಿಗೆ ಶತ್ರುವಿನ ಜಲಾಂತರ್ಗಾಮಿ ಗುರಿಯಿಟ್ಟು ಹೊಡೆದಿತ್ತು. ಅದರ ಜನ ನೀರಿನಲ್ಲಿ ತೇಲುತ್ತಿದ್ದರು. ಬೆಂಗಾವಲಿನ ನೌಕೆ ಅಂಥಲ್ಲಿ ನಿಲ್ಲಕೂಡದೆಂಬುದು ಕಟ್ಟಪ್ಪಣೆ, ಏಕೆಂದರೆ ನಿಂತ ಹಡಗು ಮುಂದಿನ ಗುರಿ. ಈ ನೌಕೆ ನಿಂತಿತು. ದೋಣಿಗಳನ್ನಿಳಿಸಿ ಒಂದಷ್ಟು ಜನರನ್ನು ಎತ್ತಿಕೊಳ್ಳುತ್ತಿರುವಾಗಲೇ ಅದಕ್ಕೂ ಹೊಡೆತ ಬಿತ್ತು. ಬದುಕಿಸಿದವರಿಗಿಂತ ಸತ್ತವರು ಹೆಚ್ಚು, ಕ್ಯಾಪ್ಟನ್ನರೂ ಈತನೂ ಅವರಲ್ಲೇ. ವಿಚಾರಣೆ ನಡೆಸಿದ ಹಿರಿಯರು, ಇದು ಕ್ಯಾಪ್ಟನ್ನರ ಅವಿವೇಕ ಎಂದರು. ಪತ್ರಿಕೆಗಳು ಅದಕ್ಕಿಂತ ಕಟುವಾದ ಪದಗಳನ್ನು ಹುಡುಕಿಕೊಂಡವು. ಬಂದರಿನ ಸ್ಮಾರಕದ ಕಲ್ಲಿನಲ್ಲಿ ಸತ್ತವರೆಲ್ಲರ ಹೆಸರಿತ್ತು, ಕ್ಯಾಪ್ಟನ್ನರದ್ದೊಂದು ಇರಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಆತನ ಹೆಂಡತಿಯನ್ನು ಬೀದಿಯಲ್ಲಿ ಕಂಡರೆ ಎದುರಿನ ಪಕ್ಕಕ್ಕೆ ದಾಟುತ್ತಿದ್ದರು, ಕೆಲವರು ದಾಟದೆ ನಿಂತು ಬೈಯುತ್ತಿದ್ದರು. ‘ಆ ಮನುಷ್ಯ ನನ್ನ ಮಗನ್ನ ತಿಂದ. ಸತ್ತಮೇಲೂ ಅವನಿಗೆ ನೀರು ಹುಟ್ಟದಿರಲಿ’ ಎಂದು ಈ ತಾಯಿ ಬೆಳಗ್ಗೆ ಎದ್ದ ಕೂಡಲೇ ಶಪಿಸುತ್ತಿದ್ದಳು, ಮುಖ ತೊಳೆಯುವುದು ಆಮೇಲೆ.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ, ತಾಯಿ ಒಳಗೆ ಮಲಗಿದ್ದಾಗ, ಬಾಗಿಲಿಗೆ ಒಬ್ಬ ಮನುಷ್ಯ ಬಂದ. ಆ ಹಡಗಿನ ಚುಕ್ಕಾಣಿ ಹಿಡಿದಿದ್ದವನು ತಾನೇ ಎಂದು ಹೇಳಿಕೊಂಡ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಅದನ್ನೇ ತಿರುಗಿಸುತ್ತ ಕೂತವನ ಬಾಯಿಂದ ಮಾತು ಹೊರಡಬೇಕಾದರೆ ಚಹಾ ಆರಿಹೋಗಿತ್ತು.

‘ಸಾಹೇಬರು ನಿಮ್ಮನ್ನ ಅಕ್ಕ ಅಕ್ಕ ಅಂತಲೇ ಹೇಳ್ತಿದ್ದರು, ಅದಕ್ಕೆ ನಾನೂ ಹಾಗೇ ಕರೀತೀನಿ. ಅಕ್ಕಾ, ವಿಚಾರಣೇಲಿ ನನ್ನ ಕೇಳಿದ್ದು, ನಿಲ್ಲಿಸು ಅಂದಿದ್ದು ಯಾರು ಅಂತ. ಕ್ಯಾಪ್ಟನ್ನು ಅಂದೆ. ಅದು ನಿಜ. ಅದಕ್ಕೆ ಮುಂಚೆ ಏನಾಯ್ತು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಆಮೇಲೆ ಆತ ಹೇಳಿದ್ದನ್ನು ಅಕ್ಕ ತನ್ನ ಕೆಲಸದ ಅಭ್ಯಾಸಬಲದಿಂದ ಒಂದು ಪದ ತಪ್ಪದೆ ನೆನಪಿಟ್ಟುಕೊಂಡಿದ್ದಾಳೆ. ‘ಆಗಷ್ಟೇ ಬೆಳಗಾಗ್ತಿತ್ತು. ನೀರಿನ ತುಂಬ ಎಣ್ಣೆ, ಎಣ್ಣೆ ತುಂಬ ತಲೆಗಳು. ನಾವು ವೇಗ ಇಳಿಸಿ ಅವರ ಹತ್ತಿರಕ್ಕೆ ಬಂದುಬಿಟ್ಟಿದ್ವಿ. ಕ್ಯಾಪ್ಟನ್ ಸಾಹೇಬರು “ಪೂರ್ತಿ ವೇಗ, ಮುಂದಕ್ಕೆ” ಅಂದರು. ಅನ್ನಲೇಬೇಕು, ಅವರದು ತಪ್ಪಲ್ಲ. ಆದರೆ ಮುಂದೆ ಹೋದರೆ ಆ ಜನರ ಮೇಲೇ ಹೋಗಬೇಕು. ಹಡಗಿನ ಅಡೀಲಿ ತಿರುಗೋ ರೆಕ್ಕೆ ಯಾರನ್ನೂ ಬಿಡಲ್ಲ. ನಿಮ್ಮ ತಮ್ಮ ಮರಳಿ ಹೇಳಲಿಲ್ಲ ಅಕ್ಕಾ. ಸುಮ್ಮನೆ ನಿಂತಿದ್ದರು. ಕೊಳವೆ ಮೇಲೆ ಕೈ ಇತ್ತು, ಬಾಯಿ ಮುಚ್ಚಿತ್ತು. ಕ್ಯಾಪ್ಟನ್ನು ಇನ್ನೊಂದು ಸಲ ಹೇಳಿದರು. ಆಗಲೂ ಇಲ್ಲ. ಅಂಥಾದ್ದನ್ನ ನಾನು ಕಂಡಿರಲಿಲ್ಲ. ಕ್ಯಾಪ್ಟನ್ನು ಅವರನ್ನ ನೂಕಿ ತಾವೇ ಕೊಳವೇಲಿ ಕೂಗಬಹುದಿತ್ತು. ಕೂಗಲಿಲ್ಲ. ಇವರ ಮುಖ ನೋಡಿದರು, ಆಮೇಲೆ ನೀರು ನೋಡಿದರು. ಆಮೇಲೆ ಮೆತ್ತಗೆ, ನನಗೂ ಸರಿಯಾಗಿ ಕೇಳದಷ್ಟು ಮೆತ್ತಗೆ, “ಎಂಜಿನ್ ನಿಲ್ಲಿಸಿ” ಅಂದರು. ಅದನ್ನ ನಿಮ್ಮ ತಮ್ಮ ಮರಳಿ ಹೇಳಿದರು ನೋಡಿ, ಇಡೀ ಹಡಗಿಗೆ ಕೇಳಿಸ್ತು.’

ಎಂಜಿನ್ ನಿಂತ ಮೇಲೆ ಚುಕ್ಕಾಣಿಗೆ ಕೆಲಸವಿಲ್ಲ; ‘ನೀನು ದೋಣಿಗೆ ಹೋಗು, ಅಲ್ಲಿ ಕೈ ಬೇಕು’ ಎಂದು ಅವನನ್ನು ಕೆಳಗೆ ಕಳಿಸಿದ್ದೂ ಆ ಕಿರಿಯ ಅಧಿಕಾರಿಯೇ. ದೋಣಿಯಲ್ಲಿ ಎಣ್ಣೆ ಮೆತ್ತಿದ ಮನುಷ್ಯರನ್ನು ಎಳೆದುಹಾಕಿಕೊಳ್ಳುತ್ತಿರುವಾಗ, ಬೆನ್ನ ಹಿಂದೆ ತನ್ನ ಹಡಗು ಎರಡಾಗಿ ಮುರಿದುಹೋದದ್ದನ್ನು ಆತ ನೋಡಿದ. ಬೇರೊಂದು ಹಡಗು ಬಂದು ದೋಣಿಯವರನ್ನು ಎತ್ತಿಕೊಂಡಿತು. ಇಷ್ಟನ್ನು ಹೇಳಿ, ಆರಿದ ಚಹಾವನ್ನು ಮರ್ಯಾದೆಗೆಂದು ಕುಡಿದು, ಆತ ಹೊರಟುಹೋದ.

ಅಕ್ಕನ ಎದೆಯಲ್ಲಿ ಆ ದಿನಗಳಲ್ಲಿ ನಡೆದದ್ದು ಸುಲಭದ ಹೋರಾಟವಲ್ಲ. ಮಾವನ ತೀರ್ಪು ಸುಳ್ಳಾಯಿತೆಂದು, ತಮ್ಮನಿಗೆ ಬೆನ್ನುಮೂಳೆಯಿತ್ತೆಂದು, ಊರೆಲ್ಲ ಕೂಗಿ ಹೇಳಬೇಕೆಂಬಷ್ಟು ಹೆಮ್ಮೆ; ಮರುಕ್ಷಣವೇ, ಅಷ್ಟೊಂದು ಮನೆಗಳ ದೀಪ ಆರಿದ್ದು ಅವನ ಆ ಒಂದು ಮೌನದಿಂದಲೇ ಎಂಬ ಭಯ. ಇವೆರಡಕ್ಕಿಂತ ಭಾರವಾದದ್ದು, ಆ ಮೌನದ ಬೆಲೆಯನ್ನು ತೆರುತ್ತಿರುವವಳು ಬೇರೊಬ್ಬ ಹೆಂಗಸು ಎಂಬ ಅರಿವು. ತಾಯಿಯ ಬೆಳಗಿನ ಶಾಪ ಅವಳ ಕಿವಿಗೆ ಈಗ ಬೇರೆಯೇ ಆಗಿ ಕೇಳತೊಡಗಿತು. ಒಬ್ಬನ ಪಾಲಿನದ್ದನ್ನು ಇನ್ನೊಬ್ಬನ ತಲೆಗೆ ಕಟ್ಟಿ ತಮ್ಮನನ್ನು ಕಲ್ಲಿನ ಮೇಲೆ ಉಳಿಸಿಕೊಳ್ಳುವುದು ಅವನಿಗೇ ಮಾಡುವ ಅಪಚಾರವೆಂದು ಅವಳಿಗೆ ಖಚಿತವಾಯಿತು. ಮೊದಲು ಆ ಹೆಂಗಸಿಗೆ ಹೇಳುವುದು, ಆಮೇಲೆ ಅಧಿಕಾರಿಗಳಿಗೆ, ಪತ್ರಿಕೆಗಳಿಗೆ. ತಾಯಿಗೆ ಹೇಳುವುದು ಹೇಗೆಂಬುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಗಟ್ಟಿಮನಸ್ಸು ಮಾಡಿದಳು.

ಕ್ಯಾಪ್ಟನ್ನರ ಹೆಂಡತಿ ಅಧಿಕಾರಿಗಳ ವಸತಿಯನ್ನು ಬಿಟ್ಟು, ಒಂದು ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಹುಡುಗಿಯರಿಗೆ ಬೆರಳಚ್ಚು ಕಲಿಸುವುದು ಅವಳ ಜೀವನೋಪಾಯ. ಬಟ್ಟೆ ಮುಚ್ಚಿದ ಯಂತ್ರಗಳು ಕಿಟಕಿಯ ಕೆಳಗೆ ಸಾಲಾಗಿದ್ದವು. ಕೆಳಗೆ ಅಚ್ಚು ಓಡಿದಾಗಲೆಲ್ಲ ನೆಲ ನಡುಗುತ್ತಿತ್ತು, ಆ ಸದ್ದು ನಿಲ್ಲುವವರೆಗೆ ಯಾರೇ ಆದರೂ ಮಾತು ತಡೆದುಕೊಳ್ಳಬೇಕಾಗುತ್ತಿತ್ತು. ಬಂದವಳು ಯಾರ ಅಕ್ಕನೆಂದು ತಿಳಿದ ಕೂಡಲೇ ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದು, ‘ಬೈಯೋಕೆ ಬಂದಿದ್ದರೆ ಕೂತ್ಕೊಂಡು ಬೈಯಿರಿ. ನಿಂತು ಬೈದೋರು ಬೇಗ ಸುಸ್ತಾಗ್ತಾರೆ’ ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅನುಭವವಿತ್ತು.

ಅಕ್ಕ ಬೈಯಲಿಲ್ಲ. ಚುಕ್ಕಾಣಿಯವನು ಹೇಳಿದ್ದನ್ನು ಹೇಳಿದಂತೆಯೇ ಹೇಳಿದಳು. ಹೇಳಿ, ‘ನಿಮ್ಮ ಯಜಮಾನರ ತಪ್ಪಿಲ್ಲ. ಅವರು ಕಟ್ಟಳೆ ಪ್ರಕಾರವೇ ಅಪ್ಪಣೆ ಕೊಟ್ಟಿದ್ದರು. ತಡೆದವನು ನನ್ನ ತಮ್ಮ. ನಾನೇ ಬಂದು ಎಲ್ಲಿ ಬೇಕಾದರೂ ಹೇಳ್ತೀನಿ. ಅವರ ಹೆಸರೂ ಕಲ್ಲಿನ ಮೇಲೆ ಬರಬೇಕು’ ಎಂದಳು. ಆಕೆಯ ಕಣ್ಣಲ್ಲಿ ನೀರು ಬರಬಹುದು, ಕೋಪ ಬರಬಹುದು, ಎರಡಕ್ಕೂ ಅಕ್ಕ ಸಿದ್ಧಳಾಗಿದ್ದಳು. ಕೆಳಗಿನ ಯಂತ್ರ ಓಡತೊಡಗಿತು. ಅದು ನಿಲ್ಲುವವರೆಗೂ ಆ ಹೆಂಗಸು ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದಳು.

‘ಬೇಡ’ ಎಂದಳು ಆಮೇಲೆ. ‘ದಯವಿಟ್ಟು ಯಾರಿಗೂ ಹೇಳಬೇಡಿ. ನನ್ನ ಗಂಡ ಎಂಥವರು ಅಂತ ನಿಮಗೆ ಗೊತ್ತಿಲ್ಲ. ಕಟ್ಟಳೆ, ಕಟ್ಟಳೆ, ಬರೀ ಕಟ್ಟಳೆ. ನಮ್ಮ ಮಗು ಸಾಯ್ತಾ ಮಲಗಿತ್ತು, ಹಡಗು ಬಂದರಲ್ಲೇ ನಿಂತಿತ್ತು, ರಜೆ ಕೇಳಲಿಲ್ಲ. ನಾನು ಅವರ ಜೊತೆ ಬಾಳಿದೆ, ಪ್ರೀತಿ ಇಟ್ಟು ಬಾಳಲಿಲ್ಲ. ಕೊನೇಗೆ ಒಂದು ಸಲ, ಒಂದೇ ಒಂದು ಸಲ, ಕಟ್ಟಳೆ ಬಿಟ್ಟು ಮನುಷ್ಯರನ್ನ ನೋಡಿದರು ಅಂತ ಸುದ್ದಿ ಬಂತು. ಊರೆಲ್ಲ ಉಗಿದರು. ನಾನು ಆವತ್ತು ಮೊದಲ ಸಲ ಅವರಿಗೋಸ್ಕರ ಅತ್ತೆ. ಇವತ್ತಿಗೂ ಅದೇ ನನ್ನ ಹತ್ರ ಇರೋದು. ನಿಮ್ಮ ತಮ್ಮನಿಗೆ ಎಲ್ಲಾ ಇದೆ, ಕಲ್ಲಿದೆ, ಹೆಸರಿದೆ, ತಾಯಿ ಇದ್ದಾರೆ. ಇದನ್ನೂ ಅವನಿಗೇ ಕೊಟ್ಟುಬಿಡಬೇಡಿ.’

ಬಿಡುಗಡೆಯೆಂದು ತಾನು ಹೊತ್ತು ತಂದದ್ದು ಆ ಮನೆಯಲ್ಲಿ ಕಳವಾಗಿಬಿಡುತ್ತಿತ್ತು ಎಂಬುದು ಅಕ್ಕನಿಗೆ ಅರಿವಾಯಿತು. ನಿಲ್ಲಿಸೆಂದು ಹೇಳಿದ್ದು ಕ್ಯಾಪ್ಟನ್ನರೇ ಅಲ್ಲವೇ? ನೂಕಬಹುದಾಗಿದ್ದವರು ನೂಕದೆ, ನೀರಿನ ಕಡೆ ನೋಡಿದ್ದು ಅವರೇ ಅಲ್ಲವೇ? ‘ಆಯ್ತು’ ಎಂದು ಎದ್ದಳು. ಮೆಟ್ಟಿಲ ತುದಿಯವರೆಗೆ ಬಂದ ಆ ಹೆಂಗಸು ಅವಳ ಕೈಯನ್ನು ಒಮ್ಮೆ ಬಲವಾಗಿ ಹಿಡಿದು ಬಿಟ್ಟಳು.

ಮರುದಿನ ಬೆಳಗ್ಗೆ ತಾಯಿ ಎಂದಿನ ಶಾಪಕ್ಕೆ ಬಾಯಿ ತೆರೆದಾಗ ಅಕ್ಕ ಮೊದಲ ಬಾರಿಗೆ ಅಡ್ಡ ಬಂದಳು. ‘ಹಾಗನ್ನಬೇಡಮ್ಮ. ಅವರು ನಿಲ್ಲಿಸಿದ್ದಕ್ಕೆ ಎಷ್ಟೋ ಜನ ಉಳಕೊಂಡರು.’ ‘ನನ್ನ ಮಗ ಉಳೀಲಿಲ್ಲವಲ್ಲೇ’ ಎಂದಳು ತಾಯಿ. ‘ಅವನೇನು ಮಾಡಿಯಾನು ಪಾಪ, ಹೇಳಿದ್ದನ್ನ ಮಾಡೋ ಹುಡುಗ.’ ಅಕ್ಕ ಹಲ್ಲು ಕಚ್ಚಿಕೊಂಡು ಸ್ನಾನದ ಮನೆಗೆ ಹೋಗಿ, ನೀರು ಬಿಟ್ಟುಕೊಂಡು ಅತ್ತಳು. ತಾಯಿ ಆ ನಂಬಿಕೆಯಲ್ಲೇ ಕಣ್ಣು ಮುಚ್ಚಿದಳು. ಕ್ಯಾಪ್ಟನ್ನರ ಹೆಂಡತಿಯೂ ತೀರಿಕೊಂಡು, ನೋಯುವವರು ಯಾರೂ ಇಲ್ಲವೆಂದಾದ ಮೇಲೆಯೇ ಅಕ್ಕ ಇದನ್ನು ಬಾಯಿಬಿಟ್ಟದ್ದು. ಆದ್ದರಿಂದಲೇ ಇಲ್ಲಿ ಬರೆಯಲು ಸಾಧ್ಯವಾಯಿತು.

ವಿಧೇಯರೆಂದು ನಾವು ಕರೆಯುವ ಒಂದು ಜಾತಿಯ ಜನರಿದ್ದಾರೆ. ಅನ್ಯರ ಮಾತನ್ನು ಅವರು ಎಷ್ಟು ನಿಷ್ಠೆಯಿಂದ ನಡೆಸುತ್ತಾರೆಂದರೆ, ಅವರಿಗೂ ಒಂದು ಮನಸ್ಸಿದೆಯೆಂಬುದು ನಮಗೆ ಹೊಳೆಯುವುದೇ ಇಲ್ಲ. ಬಹುಶಃ ಬಹುಕಾಲ ಅವರಿಗೂ ಹೊಳೆದಿರುವುದಿಲ್ಲ. ಇಡೀ ಆಯುಷ್ಯದಲ್ಲಿ ಒಮ್ಮೆ, ಅದೂ ಪ್ರಾಣವನ್ನೇ ಕೇಳುವ ಗಳಿಗೆಯಲ್ಲಿ, ಅವರು ಇಲ್ಲವೆನ್ನುತ್ತಾರೆ, ಇಲ್ಲವೆಂಬ ಪದವನ್ನು ಕೂಡ ಬಳಸದೆ. ಅದು ಸರಿಯೋ ತಪ್ಪೋ ಎಂದು ತೂಗುವ ತಕ್ಕಡಿ ನಮ್ಮ ಬಳಿ ಇಲ್ಲ. ಬದುಕಿ ದಡ ಸೇರಿದವರು ಒಂದು ಬಗೆಯಾಗಿ ಹೇಳಿಯಾರು, ಮುಳುಗಿದವರ ಮನೆಯವರು ಇನ್ನೊಂದು ಬಗೆಯಾಗಿ. ಮಾತನಾಡಿದವರಿಗೆ ನಿಂದೆಯೋ ಸ್ತುತಿಯೋ ಸಿಕ್ಕೇ ಸಿಗುತ್ತದೆ. ಸುಮ್ಮನೆ ನಿಂತವರ ಪಾಲಿಗೆ ಎರಡೂ ಇಲ್ಲ, ಮತ್ತು ಅವರನ್ನು ಪ್ರೀತಿಸಿದ ಅಕ್ಕಂದಿರಿಗೆ ಹೆಮ್ಮೆಪಡುವುದಕ್ಕೂ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.